ಕರೆದರೂ ಓಗೊಡದ ಗಳಿಗೆ



ಮಾತನಾಡುತ್ತಿದ್ದವರು ತಟ್ಟನೆ ಸುಮ್ಮನಾಗಿ, ಕಣ್ಣು ತೆರೆದಿದ್ದರೂ ಓಗೊಡದೆ, ಅರೆನಿಮಿಷದಲ್ಲಿ ಮತ್ತೆ ಮೊದಲಿನಂತಾಗುವುದುಂಟು. ಇದನ್ನು ಗಾಳಿ ಸೋಕಿತೆಂದೋ ಸೋಮಾರಿತನವೆಂದೋ ನಾವು ತಳ್ಳಿಹಾಕುತ್ತೇವೆ. ಅದು ತಪ್ಪು.

ಕಾರಣಗಳು ಹಲವು. ಬಿಸಿಲಲ್ಲಿ ಬಹಳ ಹೊತ್ತು ನಿಂತರೆ ರಕ್ತದೊತ್ತಡ ಇಳಿದು ಬವಳಿ ಬರುತ್ತದೆ. ಮುಖ ಬಿಳಿಚಿ ಮೈ ಕುಸಿಯುತ್ತದೆ. ಸಕ್ಕರೆ ಕಾಯಿಲೆಯವರು ಔಷಧ ತೆಗೆದುಕೊಂಡು ಊಟ ಬಿಟ್ಟರೆ ಬೆವರಿ ಮಂಕಾಗಬಹುದು. ಹೃದಯದ ಬಡಿತ ತಪ್ಪಿದರೆ ಸೂಚನೆಯಿಲ್ಲದೆ ಬೀಳಬಹುದು. ಕೈಕಾಲು ಸೆಳೆಯದ ಮೂರ್ಛೆರೋಗವೂ ಉಂಟು. ಬರಿಯ ದಿಟ್ಟನೋಟ, ತುಟಿ ಚಪ್ಪರಿಕೆ, ಅಷ್ಟೆ.

ನಮ್ಮ ಕನ್ನಡನಾಡಿನಲ್ಲಿ ಹೆಚ್ಚಾಗಿ ಕಂಡ ಒಂದು ಬಗೆ ಬಿಸಿನೀರಿನ ಮೂರ್ಛೆ. ಸುಡುನೀರನ್ನು ಚೊಂಬುಚೊಂಬಾಗಿ ತಲೆಗೆ ಸುರಿದುಕೊಳ್ಳುವಾಗ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ರೋಗಿಗಳ ವಿವರ ಪ್ರಕಟಿಸಿದರು. ನೀರಿನ ಬಿಸಿ ತಗ್ಗಿಸಿದರೆ ಅನೇಕರಿಗೆ ಗುಣ ಕಾಣುತ್ತದೆ. ಕೆಲವರಿಗೆ ಔಷಧವೂ ಬೇಕು. ಇಂಥವರು ಬಚ್ಚಲ ಚಿಲಕ ಹಾಕಬಾರದು.

ಕೊಂಡಾಪುರದಲ್ಲಿ ನಾವು ಒಂದೇ ಕೋಣೆಯಲ್ಲಿ ಹಲವರು ಬಾಳುವವರು. ಆ ಗಳಿಗೆಯನ್ನು ವೈದ್ಯರು ಕಾಣರು, ಕಾಣುವವರು ನಾವೇ. ಎಷ್ಟು ಹೊತ್ತು, ಮುಖದ ಬಣ್ಣವೇನು, ಆಮೇಲೆ ಮಂಕಿತ್ತೇ ಎಂಬುದನ್ನು ಬರೆದಿಟ್ಟುಕೊಂಡು, ಸರಕಾರಿ ಆಸ್ಪತ್ರೆಗೋ ಪಂಜಗುಟ್ಟದ ನಿಮ್ಸ್‌ಗೋ ಜೊತೆಯಲ್ಲಿ ಹೋಗೋಣ. ಎಚ್ಚರ ತಪ್ಪಿದವರ ಬಾಯಿಗೆ ನೀರು ಬೇಡ, ಕೈಗೆ ಕಬ್ಬಿಣ ಬೇಡ; ಪಕ್ಕಕ್ಕೆ ಹೊರಳಿಸಿ ಮಲಗಿಸೋಣ. ಐದು ನಿಮಿಷ ಮೀರಿದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆಮಾಡೋಣ.

ಕೆಲಸ ಹೋದೀತೆಂದು ಮುಚ್ಚಿಟ್ಟು ಅಟ್ಟಣೆ ಏರುವವನ ಪ್ರಾಣವೇ ಹೋದೀತು. ಅವನು ಅಂಜದೆ ಹೇಳಿಕೊಳ್ಳುವಂಥ ಗೆಳೆಯರಾಗೋಣ.