ಕೆರೆ, ಸೆರೆ ಮತ್ತು ಟ್ಯಾಂಕು

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಾನು ಎರಡು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ಕನ್ನಡ ಪಂಡಿತನಾದವನು ಹಳಗನ್ನಡ ಕಾವ್ಯವನ್ನು ಕುರಿತು ಮಾತನಾಡುವನೆಂದು ಅವರು ಎಣಿಸಿದ್ದರೆ ಅದು ಸಹಜವೇ. ಆದರೆ ನಾನು ಆರಿಸಿಕೊಂಡಿರುವುದು ಒಂದು ಇಂಗ್ಲಿಷ್ ಮಾತನ್ನು. ಅದು ‘ಟ್ಯಾಂಕ್’. ಇದೇನು ಅಪಚಾರ ಎಂದು ತಾವು ಹುಬ್ಬೇರಿಸುವ ಮೊದಲು, ಈ ಯೋಚನೆ ನನಗೆ ಬಂದ ಬಗೆಯನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಭಾಷಾಂತರದ ಅಭ್ಯಾಸ ನಡೆದಿತ್ತು. ಪೂರ್ವಕಾಲದ ಅರಸನೊಬ್ಬನು ಊರ ಮುಂದೆ ಟ್ಯಾಂಕ್ ಕಟ್ಟಿಸಿದನೆಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಕೊಟ್ಟಿದ್ದೆ. ಒಬ್ಬ ಹುಡುಗ, ‘ಅರಸನು ಊರ ಮುಂದೆ ಯುದ್ಧದ ಗಾಡಿಯನ್ನು ಮಾಡಿಸಿದನು’ ಎಂದು ಬರೆದ. ಒಬ್ಬ ಹುಡುಗಿ, ‘ಊರ ಮುಂದೆ ಸಿಮೆಂಟಿನ ತೊಟ್ಟಿಯನ್ನು ಕಟ್ಟಿಸಿದನು’ ಎಂದು ಬರೆದಳು. ನಲವತ್ತು ಪುಸ್ತಕಗಳನ್ನು ತಿದ್ದಿದೆ. ‘ಕೆರೆ’ ಎಂದು ಬರೆದವರು ಒಬ್ಬರೂ ಇರಲಿಲ್ಲ. ಮೊದಲು ನಗು ಬಂತು. ಆಮೇಲೆ ಆ ನಗು ನಿಲ್ಲಲಿಲ್ಲ. ಮಕ್ಕಳು ಮಾತನ್ನು ತಾವು ಕಂಡ ವಸ್ತುವಿನಿಂದ ಅರ್ಥಮಾಡಿಕೊಂಡಿದ್ದರು. ಅವರು ಕಾಣದೆ ಹೋದದ್ದು ಕೆರೆಯನ್ನು.

ಈ ಮಾತಿಗೆ ಎಷ್ಟು ಅರ್ಥಗಳಿವೆಯೆಂಬುದನ್ನು ನೋಡೋಣ. ಮಾಳಿಗೆಯ ಮೇಲೆ ನೀರು ತುಂಬಿಡುವ ತೊಟ್ಟಿ ಟ್ಯಾಂಕು. ಮೋಟಾರು ಗಾಡಿಗೆ ಪೆಟ್ರೋಲು ಹಾಕುವುದೂ ಟ್ಯಾಂಕಿಗೇ. ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಸಾಕುವುದೂ ಟ್ಯಾಂಕಿನಲ್ಲೇ. ಪಂಡಿತರು ಕೂಡಿ ರಾಜ್ಯದ ವಿಚಾರಗಳನ್ನು ಚಿಂತಿಸುವ ಸಂಸ್ಥೆಗೆ ‘ಥಿಂಕ್ ಟ್ಯಾಂಕ್’ ಎಂಬ ಹೆಸರಿದೆ. ಅಮೆರಿಕದ ಆಡುಮಾತಿನಲ್ಲಿ ಕುಡಿದು ಬಿದ್ದವರನ್ನು ರಾತ್ರಿ ಕೂಡಿಹಾಕುವ ಪೊಲೀಸು ಕೋಣೆಯೂ ಟ್ಯಾಂಕೇ. ಈ ಕೊನೆಯ ಅರ್ಥವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವಿದೆ.

ಯುದ್ಧದ ಟ್ಯಾಂಕಿನ ಕಥೆ ಸ್ವಾರಸ್ಯವಾದುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಇಂಗ್ಲೆಂಡಿನ ಲಿಂಕನ್ ಪಟ್ಟಣದ ಕಾರ್ಖಾನೆಯೊಂದರಲ್ಲಿ ಉಕ್ಕಿನ ಕವಚವುಳ್ಳ ಹೊಸ ಬಗೆಯ ಗಾಡಿಯನ್ನು ಗುಟ್ಟಾಗಿ ಸಿದ್ಧಪಡಿಸುತ್ತಿದ್ದರು. ಗುಟ್ಟು ಹೊರಬೀಳದಂತೆ, ಅದು ಸೈನ್ಯಕ್ಕೆ ನೀರು ಒಯ್ಯುವ ತೊಟ್ಟಿಯೆಂದು ಹೇಳಿ, ಆ ವರ್ಷದ ಕೊನೆಯಲ್ಲಿ ಟ್ಯಾಂಕ್ ಎಂದೇ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ನದಿಯ ರಣರಂಗದಲ್ಲಿ ಅದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಗುಟ್ಟು ಬಯಲಾಯಿತು, ಹೆಸರು ಮಾತ್ರ ಉಳಿಯಿತು. ನನ್ನ ವಿದ್ಯಾರ್ಥಿಯ ‘ಯುದ್ಧದ ಗಾಡಿ’ ಹೀಗೆ ಒಂದು ಸುಳ್ಳಿನಿಂದ ಹುಟ್ಟಿದ ಅರ್ಥ. ಆ ಸುಳ್ಳಿನ ಬುಡದಲ್ಲಿಯೂ ನೀರೇ ಇದೆ.

ಹಾಗಾದರೆ ಇಂಗ್ಲಿಷಿಗೆ ಈ ಮಾತು ಎಲ್ಲಿಂದ ಬಂತು? ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷ್ ವರ್ತಕರು ಇದನ್ನು ಹಿಂದೂದೇಶದಿಂದಲೇ ಕೊಂಡುಹೋದರು. ಆಗ್ಗೆ ಅದರ ಅರ್ಥ ಉಕ್ಕಿನ ತೊಟ್ಟಿಯಲ್ಲ. ನಮ್ಮ ಕೆರೆ, ನಮ್ಮ ಕಲ್ಯಾಣಿ, ನಮ್ಮ ಪುಷ್ಕರಿಣಿ. ಗುಜರಾತಿಯಲ್ಲಿ ‘ಟಾಂಕುಂ’, ಮರಾಠಿಯಲ್ಲಿ ‘ಟಾಂಕೆ’ ಎಂಬ ಮಾತುಗಳಿವೆ. ಧಾರವಾಡದ ಕಡೆ ಇಂದಿಗೂ ನೀರಿನ ‘ಟಾಕಿ’ ಎನ್ನುತ್ತಾರಷ್ಟೆ. ಇವುಗಳ ಹಿಂದೆ ಸಂಸ್ಕೃತದ ತಟಾಕ ಅಥವಾ ತಡಾಗ ಇರಬಹುದೆಂದು ಊಹಿಸಿದವರುಂಟು. ಇತ್ತ ಪೋರ್ಚುಗೀಸರಲ್ಲಿ ‘ತಾಂಕೆ’ ಎಂಬ ಮಾತಿತ್ತು. ಅದು ಹರಿವನ್ನು ತಡೆದು ನಿಲ್ಲಿಸುವುದೆಂಬ ಅರ್ಥದ ಧಾತುವಿನಿಂದ ಹುಟ್ಟಿದುದು. ಪಶ್ಚಿಮ ಕರಾವಳಿಯಲ್ಲಿ ಈ ಎರಡು ಮಾತುಗಳೂ ಭೇಟಿಯಾದುವು. ಎರಡು ಹಳ್ಳಗಳು ಒಂದೇ ಕೆರೆಗೆ ಬಂದು ಬಿದ್ದ ಮೇಲೆ ಯಾವ ಹಳ್ಳದ ನೀರು ಎಷ್ಟೆಂದು ವಿಂಗಡಿಸುವುದು ಕಷ್ಟ. ಹಾಗೆಯೇ ಇದೂ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ತಡಾಗವನ್ನು ಕಂಡೊಡನೆ ಕನ್ನಡದ ‘ತಡೆ’ಯನ್ನು ಹಿಡಿದು ತಂದು, ‘ನೋಡಿ, ಎಲ್ಲವೂ ನಮ್ಮದೇ’ ಎಂದು ಹೇಳುವ ಆಸೆ ನಮ್ಮಂಥ ಪಂಡಿತರಿಗೆ ಸುಲಭವಾಗಿ ಹುಟ್ಟುತ್ತದೆ. ಧ್ವನಿಯ ಹೋಲಿಕೆ ಮಾತ್ರದಿಂದ ನೆಂಟಸ್ತನ ಹೇಳಬಾರದು. ನೆಂಟಸ್ತನಕ್ಕೆ ನಿಯಮ ಬೇಕು, ನಿದರ್ಶನಗಳು ಬೇಕು.

ನಿಯಮವೂ ನಿದರ್ಶನವೂ ಉಳ್ಳ ನೆಂಟಸ್ತನ ನಮ್ಮ ‘ಕೆರೆ’ಗೆ ಇದೆ. ಕನ್ನಡದಲ್ಲಿ ಕಿವಿ, ತಮಿಳಿನಲ್ಲಿ ಸೆವಿ. ಕನ್ನಡದಲ್ಲಿ ಕಿರಿದು, ತಮಿಳಿನಲ್ಲಿ ಸಿಱಿದು. ಕನ್ನಡದ ಕೆಂದಾವರೆ ತಮಿಳರಿಗೆ ಸೆಂದಾಮರೈ. ಇಕಾರ ಎಕಾರಗಳ ಮುಂದೆ ಕನ್ನಡವು ಹಳೆಯ ಕಕಾರವನ್ನು ಉಳಿಸಿಕೊಂಡಿತು. ತಮಿಳು, ಮಲಯಾಳ, ತೆಲುಗುಗಳಲ್ಲಿ ಅದು ಬಹುಮಟ್ಟಿಗೆ ಚಕಾರವಾಯಿತು. ಅದರಂತೆ ಹಳಗನ್ನಡದ ‘ಕೆಱೆ’ ತೆಲುಗಿನಲ್ಲಿ ಚೆಱುವು, ಮಲಯಾಳದಲ್ಲಿ ಚಿಱ, ತಮಿಳಿನಲ್ಲಿ ಸಿಱೈ. ಬರೋ ಮತ್ತು ಎಮೆನೊ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶವು ಇವುಗಳನ್ನು ಒಂದೇ ಕುಟುಂಬದಲ್ಲಿ ಕೂಡಿಸಿದೆ.

ತಮಿಳಿನ ಸಿಱೈ ಎಂಬುದಕ್ಕೆ ಅಣೆಕಟ್ಟು, ಕೆರೆ ಎಂಬ ಅರ್ಥಗಳೂ ಉಂಟು, ಬಂದೀಖಾನೆ ಎಂಬ ಅರ್ಥವೂ ಉಂಟು. ನಮ್ಮ ‘ಸೆರೆ’ಯೂ ಆ ಬಳಗದ್ದೇ. ಅದರ ಸಕಾರವನ್ನು ನೋಡಿದರೆ ನೆರೆಮನೆಯಿಂದ ಬಂದ ರೂಪವಿರಬೇಕೆನಿಸುತ್ತದೆ. ಹರಿಯುವ ನೀರನ್ನು ಸೆರೆಹಿಡಿದರೆ ಅದು ಕೆರೆ. ಪೋರ್ಚುಗೀಸನ ಮಾತಿನಲ್ಲಿಯೂ ತಡೆದು ನಿಲ್ಲಿಸುವ ಭಾವವೇ; ಅಮೆರಿಕದ ಪೊಲೀಸಿನವನ ಟ್ಯಾಂಕೂ ಕೂಡಿಹಾಕುವ ಕೋಣೆಯೇ. ಧಾತುಗಳು ಬೇರೆ, ದೇಶಗಳು ಬೇರೆ. ಮನುಷ್ಯನ ಮನಸ್ಸು ನಡೆದ ದಾರಿ ಮಾತ್ರ ಒಂದು.

ಇದರ ಸತ್ಯವನ್ನು ಕಂಬಂ ಕಣಿವೆಯವರಿಗೆ ನಾನು ಹೇಳಬೇಕಾಗಿಲ್ಲ. ಪಶ್ಚಿಮ ಸಮುದ್ರಕ್ಕೆ ಹರಿದುಹೋಗುತ್ತಿದ್ದ ಪೆರಿಯಾರಿನ ನೀರನ್ನು ಮಲೆಯ ಮೇಲೆ ತಡೆದು, ಬೆಟ್ಟವನ್ನು ಕೊರೆದು, ಪೂರ್ವಕ್ಕೆ ತಿರುಗಿಸಿದ ಕಾರ್ಯ 1895ರಲ್ಲಿ ಕೈಗೂಡಿತು. ಅದನ್ನು ಕಟ್ಟಿಸಿದ ಎಂಜಿನಿಯರ್ ಪೆನ್ನಿಕ್ವಿಕ್ ಅವರ ಹೆಸರನ್ನು ಇಲ್ಲಿಯ ಬೇಸಾಯಗಾರರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. 1959ರಲ್ಲಿ ಆಂಡಿಪಟ್ಟಿಯ ಬಳಿ ವೈಗೈ ಅಣೆಕಟ್ಟು ಬಂತು. ತಡೆದ ನೀರಿನಿಂದಲೇ ಇಲ್ಲಿಯ ಗದ್ದೆ ಹಸಿರಾಗಿದೆ.

ದಿಂಡಿಗಲ್ ಸೀಮೆಗೂ ಕನ್ನಡ ನಾಡಿಗೂ ಇರುವ ನಂಟು ತಮಗೆ ತಿಳಿದುದೇ. 1755ರಲ್ಲಿ ಹೈದರಾಲಿ ದಿಂಡಿಗಲ್ಲಿನ ಫೌಜುದಾರನಾದ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟೀಪು ಆ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಆ ಬಳಿಕ ಕಂಪನಿಯವರ ಕಂದಾಯದ ಲೆಕ್ಕಗಳಲ್ಲಿ ತಮಿಳರ ಕುಳಂ, ಕಣ್ಮಾಯ್, ಏರಿ ಎಲ್ಲವೂ ಒಂದೇ ‘ಟ್ಯಾಂಕ್’ ಆದುವು. ಕನ್ನಡ ಸೀಮೆಯ ಕೆರೆ, ಕಟ್ಟೆ, ಕುಂಟೆಗಳಿಗೂ ಅದೇ ಗತಿಯಾಯಿತು. ನಮ್ಮಿಂದ ಹೋದ ಮಾತು ಅಧಿಕಾರದ ಅಂಗಿ ತೊಟ್ಟು ಹಿಂದಿರುಗಿ ಬಂದು, ತನ್ನ ಬಂಧುಗಳನ್ನೇ ಮನೆಯಿಂದ ಹೊರಗಟ್ಟಿತು.

ಕಪ್ಪಿಲಿಯರೂ ಅನುಪ್ಪರೂ ಮಧುರೆ ಸೀಮೆಯ ಕನ್ನಡ ಮಾತಿನ ಬೇಸಾಯಗಾರರೆಂದು 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಗ್ರಂಥ ಹೇಳಿದೆ. ಶಾಲೆಯಲ್ಲಿ ಕನ್ನಡ ಅಕ್ಷರವನ್ನು ಕಾಣದೆಯೇ ತಲೆಮಾರುಗಳುದ್ದಕ್ಕೂ ಮನೆಮಾತನ್ನು ಉಳಿಸಿಕೊಂಡು ಬಂದವರು ನೀವು. ನನ್ನ ತಾಯಿಯ ತವರೂ ಈ ಕಣಿವೆಯೇ. ನನ್ನ ಅಜ್ಜಿ ಒಮ್ಮೆ ಮೊಮ್ಮಗನೊಬ್ಬನಿಗೆ, ‘ಏರಿ ಮ್ಯಾಲೆ ನಡಕೊಂಡು ಹೋಗಪ್ಪ, ಜೋಪಾನ’ ಎಂದರು. ತಮಿಳು ಶಾಲೆಯಲ್ಲಿ ಓದುತ್ತಿದ್ದ ಹುಡುಗ, ‘ನೀರಿನ ಮೇಲೆ ಹೇಗಜ್ಜಿ ನಡೆಯೋದು?’ ಎಂದು ಕೇಳಿದ. ಕನ್ನಡಕ್ಕೆ ಏರಿ ಎಂದರೆ ಕೆರೆಯ ದಂಡೆಯ ಕಟ್ಟೆ. ತಮಿಳಿಗೆ ಏರಿ ಎಂದರೆ ಕೆರೆಯೇ. ಮನೆಯವರೆಲ್ಲ ನಕ್ಕರು, ಅಜ್ಜಿಯೂ ನಕ್ಕರು. ಆದರೆ ಅಂದಿನಿಂದ ಅವರು ಆ ಹುಡುಗನೊಡನೆ ತಮಿಳಿನಲ್ಲಿಯೇ ಮಾತನಾಡತೊಡಗಿದರು. ಆ ನಗುವಿನಲ್ಲಿ ಒಂದು ಮಾತಿನ ಬಾಳು ಮುಗಿದುದನ್ನು ನಾವಾರೂ ಗಮನಿಸಲಿಲ್ಲ.

ಮಹನೀಯರೆ, ತಮಿಳಿನ ಮೇಲೆ ನನಗೆ ದೂರಿಲ್ಲ. ಸಿಱೈ ಎಂಬುದು ಕೆರೆಯ ಒಡಹುಟ್ಟು ಎಂದು ಈಗತಾನೆ ಹೇಳಿದೆ. ಇಂಗ್ಲಿಷಿನ ಮೇಲೆಯೂ ದೂರಿಲ್ಲ. ಟ್ಯಾಂಕ್ ಎಂಬುದೂ ಅರ್ಧ ನಮ್ಮ ಮನೆಯ ಕೂಸು. ದೂರು ಇರುವುದು ನಮ್ಮ ಉದಾಸೀನದ ಮೇಲೆ. ತೂಬು, ಕೋಡಿ, ಏರಿ, ಕಟ್ಟೆ ಮುಂತಾದ ಮಾತುಗಳಲ್ಲಿ ಎಷ್ಟು ಈ ಕಣಿವೆಯ ಮನೆಗಳಲ್ಲಿ ಇನ್ನೂ ಜೀವದಿಂದಿವೆ, ಯಾವ ರೂಪದಲ್ಲಿವೆ ಎಂಬುದನ್ನು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಬೇಕು.

ಆದುದರಿಂದ ಸಂಘಕ್ಕೆ ನನ್ನದೊಂದು ಬಿನ್ನಹ. ಮುಂದಿನ ವಾರ್ಷಿಕೋತ್ಸವದೊಳಗೆ ಪ್ರತಿಯೊಂದು ಮನೆಯಿಂದಲೂ ಒಂದು ಹಾಳೆ ಬರಲಿ. ನೀರು, ಗದ್ದೆ, ದನಕರು, ಅಡಿಗೆ, ಮಗ್ಗ ಇವಕ್ಕೆ ಸಂಬಂಧಿಸಿದಂತೆ ಅಜ್ಜ ಅಜ್ಜಿಯರು ಆಡುವ ಇಪ್ಪತ್ತು ಮಾತುಗಳನ್ನು ಅದರಲ್ಲಿ ಬರೆಯಿರಿ. ಕನ್ನಡ ಅಕ್ಷರ ಬಾರದಿದ್ದರೆ ತಮಿಳು ಅಕ್ಷರದಲ್ಲಿಯೇ ಬರೆಯಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೂ ಪಕಾರ ಬಕಾರಗಳಿಗೂ ಬೇರೆ ಬೇರೆ ಅಕ್ಷರಗಳಿಲ್ಲದ ಕಾರಣ, ಹೇಳಿದವರಿಂದ ಇನ್ನೊಮ್ಮೆ ಹೇಳಿಸಿ, ಕನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಕನ್ನಡದಲ್ಲಿ ಬರೆದರಾಯಿತು. ಆ ಕೆಲಸಕ್ಕೆ ನನ್ನ ಬೇಸಗೆಯ ರಜೆಯನ್ನು ಮೀಸಲಿಡಲು ನಾನು ಸಿದ್ಧನಿದ್ದೇನೆ. ಮೊದಲ ಹಾಳೆಯನ್ನು ಈಗಲೇ ಕಾರ್ಯದರ್ಶಿಗಳಿಗೆ ಒಪ್ಪಿಸುತ್ತಿದ್ದೇನೆ. ಅದರ ಮೊದಲನೆಯ ಮಾತು ನನ್ನ ಅಜ್ಜಿಯ ‘ಏರಿ’.