ಕುರ್ಚಿಯಿಂದ ಏಳುವ ವ್ಯಾಯಾಮ

ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು ನಿಮಗೆ ಆಟ. ಹೃದಯ ಸೋತ ವೃದ್ಧರಿಗೆ ಅದೇ ದೊಡ್ಡ ಪರೀಕ್ಷೆ.

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಅದು ಪಂಪು ಮಾಡಲಾರದು. ಕಾಲು ಊದುತ್ತದೆ, ನಾಲ್ಕು ಹೆಜ್ಜೆಗೇ ಏದುಸಿರು. ಅದಕ್ಕೆ ಹೆದರಿ ರೋಗಿ ಹಾಸಿಗೆ ಹಿಡಿದರೆ ತೊಡೆಯ ಸ್ನಾಯುಗಳು ಸೊರಗುತ್ತವೆ; ಏದುಸಿರು ಇನ್ನೂ ಹೆಚ್ಚುತ್ತದೆ. ಹಿಂದೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು.

ಅಮೆರಿಕದಲ್ಲಿ ಡಾ. ಡಲೇನ್ ಕಿಟ್ಜ್‌ಮನ್ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ್ದ ಇಂಥ 349 ವೃದ್ಧರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ವಾರಕ್ಕೆ 3 ಸಲದಂತೆ 12 ವಾರ ತರಬೇತಿ. ಓಟವಲ್ಲ, ವಾಲದೆ ನಿಲ್ಲುವುದು, ಏಳುವುದು, ನಡೆಯುವುದು, ಅಷ್ಟೇ. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಈ ಮೂರಕ್ಕೂ ಸೇರಿ 12 ಅಂಕ. 3 ತಿಂಗಳ ಬಳಿಕ ತರಬೇತಿ ಪಡೆದವರಿಗೆ ಸರಾಸರಿ 8.3, ಉಳಿದವರಿಗೆ 6.9. ಆದರೆ ಮತ್ತೆ ಆಸ್ಪತ್ರೆ ಸೇರುವುದು ಗಣನೀಯವಾಗಿ ತಗ್ಗಲಿಲ್ಲ. ಅದನ್ನೂ ಮುಚ್ಚಿಡದೆ ಹೇಳಬೇಕು.

ಹಾಗೆಂದು ಮನೆಯ ಅಜ್ಜನನ್ನು ನೀವೇ ಎಬ್ಬಿಸಿ ಓಡಾಡಿಸಬೇಡಿ! ಕಾಲೂದಿ ಉಸಿರು ಕಟ್ಟುವಾಗ ಬೇಕಾದದ್ದು ವೈದ್ಯರು, ವ್ಯಾಯಾಮವಲ್ಲ. ಅವರು ಒಪ್ಪಿದ ದಿನ ಪಕ್ಕದಲ್ಲಿ ನಿಂತು ಎಣಿಸಿ: ಒಂದು, ಎರಡು...