ಮನೆ ಸಿನಿಮಾ ಯಂತ್ರಕ್ಕೊಂದು ತೊಟ್ಟು ಎಣ್ಣೆ



ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹಳೆಯ ಮನೆಗಳಲ್ಲಿ ಮುಂಬಯಿಗೋ ಪರದೇಶಕ್ಕೋ ಹೋದವರು ತಂದಿಟ್ಟ ವಸ್ತುಗಳು ಎಷ್ಟೋ ಇವೆ. ಅವುಗಳ ನಡುವೆ ಎಲ್ಲಾದರೊಂದು ಕಡೆ ಪುಟ್ಟ ಸಿನಿಮಾ ಪ್ರೊಜೆಕ್ಟರೂ ಇದ್ದೀತು. ಅದರ ಚರಿತ್ರೆಯನ್ನೂ ಆರೈಕೆಯನ್ನೂ ಇವತ್ತು ಒಟ್ಟಿಗೇ ಹೇಳುತ್ತೇನೆ. ಏಕೆಂದರೆ ಎರಡಕ್ಕೂ ಹೊಲಿಗೆ ಯಂತ್ರದ ನಂಟಿದೆ.

ಹೊಲಿಗೆ ಯಂತ್ರ ಬಟ್ಟೆಯನ್ನು ಒಂದಿಷ್ಟು ದೂಡುತ್ತದೆ, ನಿಲ್ಲಿಸುತ್ತದೆ, ಮತ್ತೆ ದೂಡುತ್ತದೆ. ಫ್ರಾನ್ಸಿನ ಲೂಮಿಯೇರ್ ಸಹೋದರರಿಗೆ ಫಿಲ್ಮನ್ನು ಎಳೆಯುವ ಉಪಾಯ ಹೊಳೆದದ್ದು ಇದರಿಂದಲೇ ಎನ್ನುತ್ತಾರೆ. 1895ರಲ್ಲಿ ಸಿದ್ಧವಾದ ಅವರ ಯಂತ್ರ 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಚಿತ್ರ ತೋರಿಸಿತು. ಆದರೆ ಸಿನಿಮಾ ಮನೆಯೊಳಗೆ ಬರಲು ಬೆಂಕಿಯ ಭಯ ಅಡ್ಡವಾಗಿತ್ತು. ಆಗಿನ ನೈಟ್ರೇಟ್ ಫಿಲ್ಮು ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಸುಲಭಕ್ಕೆ ಉರಿಯದ ಅಸಿಟೇಟ್ ಫಿಲ್ಮು ಬಂದ ಮೇಲೆ ದಾರಿ ತೆರೆಯಿತು. 1922ರಲ್ಲಿ ಪಾಥೆ ಬೇಬಿ ಎಂಬ 9.5 ಮಿಲಿಮೀಟರಿನ ಯಂತ್ರ ಬಂತು. ಮರುವರ್ಷವೇ ಕೊಡಕ್ ಕಂಪನಿಯ 16 ಮಿಲಿಮೀಟರ್ ಬಂತು. ಖರ್ಚು ಇಳಿಸಲೆಂದು 1932ರಲ್ಲಿ 8 ಮಿಲಿಮೀಟರ್, 1965ರಲ್ಲಿ ಸೂಪರ್ 8 ಬಂದವು.

ನಮ್ಮ ಕಡೆಗೂ ಸಿನಿಮಾದ ಗಾಳಿ ಬೇಗನೆ ಬೀಸಿತ್ತು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ಆಸುಪಾಸಿನಲ್ಲೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳಿಗೆ ಕೈಹಾಕಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಪ್ರಚಾರ ವಾಹನಗಳು 16 ಮಿಲಿಮೀಟರಿನ ಪ್ರೊಜೆಕ್ಟರು ಹೊತ್ತು ಊರೂರು ತಿರುಗಿದವು. ಎಂಬತ್ತರ ದಶಕದಲ್ಲಿ ವಿಡಿಯೋ ಬಂತು, ಮನೆಯ ಪ್ರೊಜೆಕ್ಟರು ಮೂಲೆ ಸೇರಿತು.

ಮೂಲೆ ಸೇರಿದ ಯಂತ್ರವನ್ನು ನಮ್ಮ ಕರಾವಳಿ ಸುಮ್ಮನೆ ಬಿಡುವುದಿಲ್ಲ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಆಸಾಡಿ ಮಳೆಗೆ ಲೆನ್ಸಿನ ಮೇಲೆ ಬೂಷ್ಟು ಏಳುತ್ತದೆ. ಹಳೆಯ ಗ್ರೀಸು ಗಟ್ಟಿಯಾಗಿ ಗಾಲಿಗಳನ್ನು ಕಚ್ಚಿಕೊಳ್ಳುತ್ತದೆ, ರಬ್ಬರು ಬೆಲ್ಟು ಕರಗಿ ಅಂಟಾಗುತ್ತದೆ. ಇಂಥದ್ದಕ್ಕೆ ನೇರ ಕರೆಂಟು ಕೊಟ್ಟರೆ ಮೋಟಾರು ಸುಟ್ಟುಹೋದೀತು.

ಮೊದಲು ಪ್ಲಗ್ ತೆಗೆದಿಟ್ಟು, ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಫಿಲ್ಮು ಹಾದುಹೋಗುವ ಗೇಟಿನ ಬಳಿ ಸಣ್ಣ ಕೊಕ್ಕೆಯೊಂದು ಮೇಲೆ ಕೆಳಗೆ ಆಡುತ್ತದೆ. ಸೆಕೆಂಡಿಗೆ 16 ಚಿತ್ರದಂತೆ ನಿಮಿಷಕ್ಕೆ 960 ಸಲ ಫಿಲ್ಮನ್ನು ಎಳೆಯುವುದು ಅದೇ. ಆ ಗೇಟಿನಲ್ಲಿ ಕೂತ ಕೊಳೆಯನ್ನು ಸ್ಪಿರಿಟಿನಲ್ಲಿ ನೆನೆಸಿದ ಹತ್ತಿಬಟ್ಟೆಯಿಂದ ಒರೆಸಿ. ಏಳದಿದ್ದರೆ ಬಿದಿರ ಕಡ್ಡಿ ಸಾಕು, ಚಾಕು ಬೇಡ. ಅಲ್ಲೊಂದು ಗೀರು ಬಿದ್ದರೆ ಮುಂದೆ ಓಡಿಸುವ ಪ್ರತಿ ಸುರುಳಿಯ ಮೇಲೂ ಉದ್ದಕ್ಕೆ ಗೆರೆ ಬೀಳುತ್ತದೆ.

ಹಳೆಯ ಗ್ರೀಸನ್ನು ಪೂರ್ತಿ ತೆಗೆದೇ ಹೊಸದನ್ನು ಹಾಕಬೇಕು. ಹಲ್ಲುಗಾಲಿಗಳಿಗೆ ತೆಳುವಾಗಿ ಗ್ರೀಸು, ತಿರುಗುವ ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಬಿಡಬೇಡಿ, ಬರಬರುತ್ತಾ ಅಂಟಾಗುತ್ತದೆ. ಎಣ್ಣೆ ಹೆಚ್ಚಾದರೆ ಲೆನ್ಸಿಗೂ ಫಿಲ್ಮಿಗೂ ಸಿಡಿಯುತ್ತದೆ. ಬೆಲ್ಟಿಗೂ ರಬ್ಬರು ಗಾಲಿಗೂ ಎಣ್ಣೆ ತಾಗಲೇಬಾರದು. ಬಳಿಕ ಫಿಲ್ಮು ಇಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಸದ್ದು ಕೇಳಿ. ಆಮೇಲೆ ಬೇಡದ ತುಂಡೊಂದನ್ನು ಹಾಕಿ ಪರೀಕ್ಷಿಸಿ.

ಕೊನೆಗೊಂದು ಎಚ್ಚರಿಕೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಹೊಡೆದರೆ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ಅದನ್ನು ಬೇರೆ ಇಡಿ, ಪ್ರೊಜೆಕ್ಟರಿಗೆ ಹಾಕದೆ ಬಲ್ಲವರ ಕೈಯಲ್ಲಿ ಡಿಜಿಟಲ್ ಪ್ರತಿ ಮಾಡಿಸಿ. ಮನೆಯವರೇ ತೆಗೆದ ಒಂದು ಸಣ್ಣ ಸುರುಳಿ ಓಡುವುದು ಸುಮಾರು ನಾಲ್ಕೇ ನಿಮಿಷ, ಹೆಚ್ಚಾಗಿ ಅದಕ್ಕೆ ಮಾತಿಲ್ಲ. ಅದರಲ್ಲಿ ಕಾಣುವ ಮುಖಗಳು ಯಾರವೆಂದು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ, ಡಬ್ಬಿಯ ಮೇಲೆ ಹೆಸರು ಬರೆದಿಡಿ. ಯಂತ್ರವನ್ನು ನಾಳೆಯೂ ಸರಿಪಡಿಸಬಹುದು, ಹೆಸರುಗಳು ಮಾತ್ರ ಕಾಯುವುದಿಲ್ಲ.